ಕಪಾಟಿಗೆ ಹೇಳಿದ ಮಾತು

ಜನವರಿ ೧೧

ಗಡಿಯಾರದಣ್ಣನವರಿಗೆ,

ಬ್ಯಾಗಿಗೆ ಜಿಪ್ಪು ಹಾಕುವ ತಂಗಿಯ ನಮಸ್ಕಾರ. ನಾನು ಅಕ್ಕನ ಮನೆ ಸೇರಿಕೊಂಡೆ. ಗ್ಯಾಸ್ ಆರಿಸಿದೆನೋ ಇಲ್ಲವೋ, ಹಿಂದಿನ ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ಎಂದು ದಾರಿಯುದ್ದಕ್ಕೂ ಯೋಚಿಸಿ ತಲೆ ಚಿಟ್ಟು ಹಿಡಿದುಹೋಯಿತು. ನಾನು ಬರುವವರೆಗೆ ಆ ಮನೆಯಲ್ಲಿರುವವರು ನೀವೇ, ದಯವಿಟ್ಟು ಎರಡನ್ನೂ ನೋಡಿ. ನೋಡಿದ ಮೇಲೆ ಇನ್ನೊಂದು ಸಲ ನೋಡಿ.

ಅಕ್ಕನ ಸೊಂಟದ ಆಪರೇಷನ್ ಆಯಿತು. ಮಲಗಿದಲ್ಲಿಂದಲೇ ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದಾಳೆ, ಆದ್ದರಿಂದ ಪ್ರಾಣಕ್ಕೇನೂ ಭಯವಿಲ್ಲ ಎಂದುಕೊಂಡಿದ್ದೇನೆ. ಭಾವ ಬೇಕರಿ ಕೆಲಸಕ್ಕೆ ಬೆಳಕು ಹರಿಯುವ ಮೊದಲೇ ಹೋಗುತ್ತಾರೆ. ಅವಳನ್ನು ಎತ್ತಿ ಕೂರಿಸುವುದಕ್ಕೂ ಬಚ್ಚಲಿಗೆ ನಡೆಸುವುದಕ್ಕೂ ನಾನೇ ಆಗಬೇಕು. ಅವಳು ಕೋಲು ಹಿಡಿದಾದರೂ ಓಡಾಡುವವರೆಗೆ ನಾನು ಇಲ್ಲಿಂದ ಅಲ್ಲಾಡುವ ಹಾಗಿಲ್ಲ.

ಬೂದನದೇ ಚಿಂತೆ. ಬೆಳಿಗ್ಗೆ ಅನ್ನಕ್ಕೆ ಮೊಟ್ಟೆ ಕಲಸಿ ಹಾಕಿ. ನೀರಿನ ಬಟ್ಟಲು ನೀಲಿಯದು, ಹಸಿರಿನದು ಕೊಟ್ಟರೆ ಮೂಸಿ ನೋಡಿ ಹೋಗುತ್ತಾನೆ. ನಿಮಗೆ ಕಿವಿ ಕೇಳಿಸದು, ಫೋನು ಮಾಡಿ ವಿಚಾರಿಸುವ ಹಾಗಿಲ್ಲ. ಮೇಲಿನ ಮನೆಯಾಕೆಗೆ ಫೋನು ಮಾಡೋಣವೆಂದರೆ ಬೂದ ಬೊಗಳುವ ಜಗಳದಿಂದ ನಮಗೆ ಮಾತೇ ಇಲ್ಲ. ಹಾಗಾಗಿ ಕಾಗದವೇ ಗತಿ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ತಪ್ಪಿದ್ದಲ್ಲಿ ಹೊಂದಿಸಿಕೊಂಡು ಓದಿ.

ನಾಯಿ ನೋಡಿಕೊಳ್ಳುವ ಹಣವೆಲ್ಲ ಮೊದಲೇ ಕೊಟ್ಟೆ ಎಂದು ಬಾಯಿ ತಪ್ಪಿ ಭಾವನ ಮುಂದೆ ಹೇಳಿಬಿಟ್ಟೆ. "ಪೂರ್ತಿ ಮುಂಗಡ ಕೊಟ್ಟು ಬಂದ್ಯಾ? ಹಾಗಾದ್ರೆ ದುಡ್ಡಿಗೂ ಒಂದು ಕೈ ಮುಗಿದುಬಿಡು, ನಾಯಿಗೂ ಒಂದು ಕೈ ಮುಗಿದುಬಿಡು" ಅಂದರು. ಇದನ್ನು ನಿಮಗೆ ಬರೆಯಬಾರದಿತ್ತು, ಬರೆದುಬಿಟ್ಟೆ, ಹೊಡೆದುಹಾಕಿದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ. ನನಗೆ ನಿಮ್ಮ ಮೇಲೆ ನಂಬಿಕೆ ಇದೆ. ನಿಮ್ಮ ಶಾಂತ ಸ್ವಭಾವ ನೋಡಿಯೇ ನಿಮ್ಮನ್ನು ಆರಿಸಿದ್ದು. ಬೂದನ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಅಲ್ಲೇ ಹೇಳಿ ಬಂದಿದ್ದೇನೆ.

ಕೂಡಲೇ ಬರೆಯಿರಿ.

ನಿಮ್ಮ ತಂಗಿ


ಜನವರಿ ೧೭

ಜಿಪ್ಪಿನ ತಂಗಿಗೆ,

ಗ್ಯಾಸ್ ಆರಿತ್ತು. ಚಿಲಕ ಹಾಕಿತ್ತು. ನೀನು ಹೇಳಿದೆಯೆಂದು ಇನ್ನೊಂದು ಸಲವೂ ನೋಡಿದೆ, ಆಗಲೂ ಹಾಕಿಯೇ ಇತ್ತು.

ನಿನ್ನ ಭಾವ ಹೇಳಿದ್ದರಲ್ಲಿ ತಪ್ಪೇನಿಲ್ಲ. ನಾನು ಯಾಕೆ ಪೂರ್ತಿ ಮುಂಗಡ ಕೇಳುತ್ತೇನೆ ಎಂದು ಅವರಿಗೆ ತಿಳಿಸು. ಹಿಂದೆ ಒಬ್ಬರು "ಬಂದ್ ಕೊಡ್ತೀನಿ" ಎಂದು ಗಿಣಿ ಬಿಟ್ಟು ಹೋದವರು ಹಣವೂ ಕೊಡಲಿಲ್ಲ, ಗಿಣಿಗೂ ಬರಲಿಲ್ಲ. ಅದು ಈಗಲೂ ಅಂಗಡಿಯಲ್ಲಿ ನನ್ನ ತಲೆಯ ಮೇಲೇ ನೇತಾಡುತ್ತಿದೆ. ಅದು ಏನು ಮಾತಾಡುತ್ತದೋ ನನಗೇನು ಗೊತ್ತು. ಬಂದ ಗಿರಾಕಿಗಳು ಅದರ ಕಡೆ ನೋಡಿ, ನನ್ನ ಕಡೆ ನೋಡಿ, ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ. ನನ್ನನ್ನೇ ಬೈಯುತ್ತಿರಬೇಕು.

ಫೋನಿಗಿಂತ ಕಾಗದವೇ ವಾಸಿ. ಎದುರಿಗಿದ್ದವರ ತುಟಿ ನೋಡಿದರೆ ನನಗೆ ಮುಕ್ಕಾಲು ಮಾತು ತಿಳಿಯುತ್ತದೆ. ಫೋನಿಗೆ ತುಟಿ ಎಲ್ಲಿದೆ?

ನಿನ್ನ ಬೂದ ಒಳ್ಳೆಯವನು. ಮೊದಲ ದಿನ ಬಾಗಿಲಲ್ಲೇ ಕೂತು ನಿನ್ನ ದಾರಿ ಕಾದ. ಎರಡನೇ ದಿನ ನನ್ನ ಚಪ್ಪಲಿ ಎತ್ತಿಕೊಂಡು ಹೋಗಿ ನಿನ್ನ ಹೊಲಿಗೆ ಮಿಷನ್ನಿನ ಕೆಳಗೆ ಇಟ್ಟ. ಈಗ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ನಡೆದು ಅಂಗಡಿ ತೆರೆಯುತ್ತೇವೆ. ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಎದ್ದು ಬಂದು ಅದನ್ನೇ ಮೂಸುತ್ತಾನೆ. ಮಧ್ಯಾಹ್ನ ನನ್ನ ಕಾಲ ಬಳಿ ಮಲಗುತ್ತಾನೆ. ಒಂಟಿ ಮನುಷ್ಯನಿಗೆ ಕಾಲ ಬಳಿ ಯಾರಾದರೂ ಮಲಗಿದರೆ ಚೆನ್ನಾಗಿರುತ್ತದೆ, ತಂಗಿ. ಇದಕ್ಕೆ ನಾನೇ ನಿನಗೆ ಹಣ ಕೊಡಬೇಕಿತ್ತು, ಆದರೆ ಕೊಡುವುದಿಲ್ಲ.

ಒಂದು ವಿಷಯ ಕೇಳಬೇಕು. ಅವನ ಬೆನ್ನ ಮೇಲೆ ಅಂಗೈಯಗಲ ಕೂದಲಿಲ್ಲದ ಜಾಗವಿದೆ, ಚರ್ಮ ಒಣಗಿ ಬಿರಿದಿದೆ. ಚರ್ಮರೋಗವೇ? ಎಣ್ಣೆ ಹಚ್ಚಿದರೆ ಮೆತ್ತಗಾಗುತ್ತದೆ ಎಂದು ನನ್ನ ಲೆಕ್ಕ. ಎದ್ದಿರುವಾಗ ಹಚ್ಚಲು ಹೋದರೆ ಜಾರಿಕೊಳ್ಳುತ್ತಾನೆ. ಮಲಗಿರುವಾಗ ಹಚ್ಚಿದರೆ ಹೇಗೆ? ನಿನ್ನ ನಾಯಿ, ನೀನು ಹೇಳುವವರೆಗೆ ನಾನು ಮುಟ್ಟುವುದಿಲ್ಲ.

ಅಕ್ಕನನ್ನು ಚೆನ್ನಾಗಿ ನೋಡಿಕೊ.

ಗಡಿಯಾರದಣ್ಣ


ಜನವರಿ ೨೨

ಗಡಿಯಾರದಣ್ಣನವರಿಗೆ,

ನಿಮ್ಮ ಕಾಗದ ಓದಿ ಅಕ್ಕನಿಗೂ ಓದಿ ಹೇಳಿದೆ. ಗಿಣಿಯ ವಿಷಯಕ್ಕೆ ನಗಲು ಹೋಗಿ ಸೊಂಟ ನೋವು ಎಂದು ನನ್ನನ್ನೇ ಬೈದಳು. ಭಾವನಿಗೂ ತೋರಿಸಿದೆ. "ಅಕ್ಷರ ಮಣಿ ಪೋಣಿಸಿದ ಹಾಗಿದೆ, ಮನುಷ್ಯ ಸರಿಯಾಗಿಯೇ ಇರಬೇಕು" ಅಂದರು. ಅಕ್ಷರಕ್ಕೂ ನಿಯತ್ತಿಗೂ ಏನು ಸಂಬಂಧವೋ. ಆದರೂ ನನಗೆ ಸ್ವಲ್ಪ ಉಸಿರು ಬಂತು.

ಬೆನ್ನಿನ ಜಾಗದ ಬಗ್ಗೆ ಕೇಳಿದ್ದೀರಿ. ಅದು ರೋಗವಲ್ಲ. ಮೊದಲಿನಿಂದಲೂ ಹಾಗೇ ಇದೆ, ಅದಕ್ಕೇನೂ ಮಾಡಬೇಕಾಗಿಲ್ಲ. ಎಣ್ಣೆ ಹಚ್ಚುವುದಾದರೆ ನಿಮ್ಮಿಷ್ಟ.

ಅಕ್ಕ ನಿನ್ನೆ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂತಳು. ಎಷ್ಟು ಹೊತ್ತು ಎಂದರೆ ಒಂದು ಲೋಟ ಚಹಾ ಕುಡಿಯುವಷ್ಟು. ಎದ್ದು ನಿಲ್ಲುವಾಗ ನನ್ನ ಭುಜ ಹಿಡಿಯುತ್ತಾಳೆ, ಉಗುರು ನಾಟಿ ಗುರುತಾಗಿದೆ. ಇಲ್ಲಿ ಕೂತಲ್ಲಿಗೆ ಅಕ್ಕಪಕ್ಕದವರು ಕಿತ್ತುಹೋದ ಬ್ಯಾಗು ತಂದು ಸುರಿಯುತ್ತಿದ್ದಾರೆ, "ಹೇಗೂ ಸುಮ್ನೆ ಕೂತಿದ್ದೀರಲ್ಲ" ಅನ್ನುತ್ತಾರೆ. ನಾನು ಸುಮ್ಮನೆ ಕೂತದ್ದನ್ನು ಇವರು ಯಾವಾಗ ನೋಡಿದರೋ.

ಹಿತ್ತಲ ನಲ್ಲಿ ಸೋರುತ್ತದೆ, ಕೆಳಗೆ ಬಕೆಟ್ ಇಡಿ. ಬೂದನನ್ನು ಬಿಸಿನೀರಿನ ಹತ್ತಿರ ಬಿಡಬೇಡಿ, ಹೆದರುತ್ತಾನೆ. ಮತ್ತೇನೂ ಇಲ್ಲ.

ನಿಮ್ಮ ತಂಗಿ


ಜನವರಿ ೩೧

ತಂಗಿಗೆ,

ಎಲ್ಲ ಸರಿಯಾಗಿದೆ. ಬೂದ ಹೊಟ್ಟೆ ತುಂಬ ತಿನ್ನುತ್ತಾನೆ. ಬಕೆಟ್ ಇಟ್ಟಿದ್ದೇನೆ. ಚಿಂತೆ ಬೇಡ. ಅಕ್ಕನನ್ನು ಬಿಟ್ಟು ಬರಬೇಡ.

ಗ. ಅಣ್ಣ


ಫೆಬ್ರವರಿ ೫

ಗಡಿಯಾರದಣ್ಣನವರಿಗೆ ಎಂದು ಬರೆಯುತ್ತಿದ್ದೇನೆ. ಇದು ಯಾರ ಕೈಗೆ ಸಿಗುತ್ತದೆ ಎನ್ನುವುದೇ ನನಗೆ ಗೊತ್ತಿಲ್ಲ.

ನಿಮ್ಮ ಹೆಸರಿನಲ್ಲಿ ಬಂದ ಕಾಗದದ ಅಕ್ಷರ ನಿಮ್ಮದಲ್ಲ. ಮೊದಲಿನ ಕಾಗದದ ಪಕ್ಕ ಇಟ್ಟು ನೋಡಿದೆ. ಇದು ಕೋಳಿ ಕೆದರಿದ ಹಾಗಿದೆ, ಒಂದು ಸಾಲು ಮೇಲಕ್ಕೆ ಹತ್ತಿದರೆ ಇನ್ನೊಂದು ಕೆಳಕ್ಕೆ ಇಳಿದಿದೆ. ಯಾರೋ ಅಕ್ಷರ ಬಾರದವರ ಕೈಲಿ ಬರೆಸಿದ್ದೀರಿ. "ಬರಬೇಡ" ಎಂದು ಬೇರೆ ಇದೆ. ಯಾಕೆ ಬರಬಾರದು? ಬಂದರೆ ಏನು ಕಾಣುತ್ತದೆ?

ಮಾತು ಬಿಟ್ಟವಳಾದರೂ ಸೋತು ಮೇಲಿನ ಮನೆಯಾಕೆಗೆ ಫೋನು ಮಾಡಿದೆ.

"ಆ ಗಡಿಯಾರದವನ ಅಂಗಡಿ ಮುಚ್ಚಿದೆಯಲ್ರೀ, ಎಷ್ಟೋ ದಿನ ಆಯ್ತು" ಅಂದರು.

"ಮನೆಯಲ್ಲಿ ಇದ್ದಾರಾ?"

"ನಾನಂತೂ ನೋಡಿಲ್ಲ. ಬೊಗಳೋದು ಮಾತ್ರ ಕೇಳ್ತಿದೆ, ಅದಕ್ಕೇನೂ ಕಮ್ಮಿ ಇಲ್ಲ."

"ಒಂದು ಸಲ ಇಳಿದು ನೋಡ್ತೀರಾ?"

"ಅಬ್ಬಬ್ಬಾ, ನಿಮ್ಮ ನಾಯಿ ಇರೋ ಕಡೆ ನಾನು ಕಾಲಿಡ್ತೀನಾ?"

ಅಂಗಡಿ ಮುಚ್ಚಿ ಎಲ್ಲಿಗೆ ಹೋದಿರಿ? ನಾಯಿಯನ್ನು ಯಾರ ಕೈಗೆ ಒಪ್ಪಿಸಿದಿರಿ? ಹಣ ಕೈಗೆ ಬಂದ ಮೇಲೆ ಕೆಲಸ ಯಾಕೆ ಮಾಡಬೇಕು, ಅಲ್ಲವೇ? ಅರ್ಧ ಈಗ, ಅರ್ಧ ಆಮೇಲೆ ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ಪೂರ್ತಿ ಕೇಳಿದವರು ನೀವೊಬ್ಬರೇ. ಕೊಟ್ಟ ನಾನೇ ದಡ್ಡಿ.

ಮೂಕ ಪ್ರಾಣಿ ಅದು. ಅದಕ್ಕೆ ಮೋಸ ಮಾಡಿದರೆ ಒಳ್ಳೆಯದಾಗುವುದಿಲ್ಲ.

ಹಣ ಬೇಕಾದರೆ ಇಟ್ಟುಕೊಳ್ಳಿ. ನನ್ನ ನಾಯಿ ಎಲ್ಲಿದೆ ಎಂದು ಮಾತ್ರ ನಿಜ ಬರೆಯಿರಿ.


ಫೆಬ್ರವರಿ ೧೧

ಅಮ್ಮಾ,

ನಿಮ್ಮ ನಾಯಿ ನಿಮ್ಮ ಮನೆಯಲ್ಲಿದೆ. ಈಗ ತಾನೇ ಅನ್ನ ತಿಂದು ಬಾಗಿಲ ಬಳಿ ಬಿಸಿಲಿಗೆ ಕೂತಿದೆ.

ಅಕ್ಷರ ನನ್ನದೇ. ಎಡಗೈಯಲ್ಲಿ ಬರೆದದ್ದು. ಇದೂ ಎಡಗೈಯದೇ, ಒಂದು ಪುಟ ಬರೆಯಲು ಬೆಳಗಿನಿಂದ ಕೂತಿದ್ದೇನೆ, ಓದಲು ಕಷ್ಟವಾದರೆ ಕ್ಷಮಿಸಿ.

ನಿಮ್ಮ ಎರಡನೇ ಕಾಗದ ತಲುಪಿದ ಮರುದಿನ ಅವನು ನಡುಮನೆಯಲ್ಲಿ ಮಲಗಿದ್ದ. ನಿಮ್ಮ ಒಪ್ಪಿಗೆ ಇತ್ತಲ್ಲ, ಎಣ್ಣೆ ತಂದು ಪಕ್ಕ ಕೂತು ಬೆನ್ನ ಮೇಲೆ ಕೈ ಇಟ್ಟೆ. ನನ್ನ ಬಲಗೈಯ ಹೆಬ್ಬೆರಳೂ ತೋರುಬೆರಳೂ ಅವನ ಬಾಯಿಯಲ್ಲಿದ್ದವು. ಅವನೇ ಬಿಟ್ಟ. ಬಿಟ್ಟು ಮೂಲೆಗೆ ಹೋಗಿ ನಡುಗುತ್ತ ನಿಂತ. ನಾನು ಕೈಗೆ ಟವಲು ಸುತ್ತಿಕೊಂಡೆ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು, ಇಂಜೆಕ್ಷನ್ ನಡೆಯುತ್ತಿದೆ. ಚಿಮುಟ ಹಿಡಿಯಲು ಬಾರದವನು ಅಂಗಡಿ ತೆರೆದು ಏನು ಮಾಡಲಿ? ಅದಕ್ಕೇ ಮುಚ್ಚಿದೆ. ಗಿಣಿಯನ್ನು ಇಲ್ಲಿಗೇ ತಂದುಕೊಂಡೆ.

ನಾನೂ ಮುಚ್ಚಿಟ್ಟಿದ್ದು ಹೌದು. ತಿಳಿದರೆ ನೀವು ಅಕ್ಕನನ್ನು ಮಂಚದ ಮೇಲೆ ಬಿಟ್ಟು ಓಡಿ ಬರುತ್ತೀರಿ ಎಂದುಕೊಂಡೆ. ಇನ್ನೂ ಒಂದಿದೆ. ಮುಂಗಡ ಖರ್ಚಾಗಿತ್ತು, ಅಂಗಡಿಯ ಬಾಕಿ ಬಾಡಿಗೆ ಕಟ್ಟಿದ್ದೆ. ವಾಪಸ್ ಕೇಳಿದರೆ ಏನು ಕೊಡಲಿ ಎಂದು ಹೆದರಿದೆ. ಅಷ್ಟು ದಿನವೂ ನಾನೇ ಏನೋ ತಪ್ಪು ಮಾಡಿರಬೇಕು, ಜೋರಾಗಿ ಒತ್ತಿರಬೇಕು ಎಂದೇ ಅಂದುಕೊಂಡಿದ್ದೆ. ಸುಮ್ಮನೆ ಕಚ್ಚುವ ನಾಯಿಯನ್ನು ನೀವು ನನ್ನ ಕೈಗೆ ಕೊಡುತ್ತಿರಲಿಲ್ಲ ಎಂದುಕೊಂಡಿದ್ದೆ.

ನಿಮ್ಮ ಫೋನು ಬಂದ ಮೇಲೆ ಮೇಲಿನ ಮನೆಯಾಕೆ ಕುತೂಹಲ ತಡೆಯಲಾಗದೆ ಮೆಟ್ಟಿಲವರೆಗೆ ಇಳಿದು ಬಂದರು. ನನ್ನ ಕೈಯ ಬ್ಯಾಂಡೇಜ್ ನೋಡಿದರು. ಅವರು ಬೇಗ ಬೇಗ ಮಾತಾಡುತ್ತಾರೆ, ನನಗೆ ತುಟಿ ಹಿಡಿಯಲಾಗಲಿಲ್ಲ. ಕೊನೆಗೆ ಹಾಲಿನ ಚೀಟಿಯ ಹಿಂದೆ ಬರೆದು ತೋರಿಸಿದರು. ಮಲಗಿದಾಗ ಆ ನಾಯಿಯ ಬೆನ್ನು ಮುಟ್ಟಿದರೆ ಕಚ್ಚುತ್ತದಂತೆ. ಯಾರೋ ಹಿಂದೆ ಅದು ಮಲಗಿದ್ದಾಗ ಬಿಸಿನೀರು ಸುರಿದಿದ್ದರಂತೆ. ಕಚ್ಚುವ ಮೊದಲು ಗುರುಗುಟ್ಟುತ್ತದಂತೆ, ಗುರುಗುಟ್ಟಿದ ಕೂಡಲೇ ಎಲ್ಲರೂ ಕೈ ಹಿಂದಕ್ಕೆ ತೆಗೆಯುತ್ತಾರಂತೆ. ಇಡೀ ಕಟ್ಟಡಕ್ಕೇ ಗೊತ್ತಂತೆ.

ಇದು ನಿಜವೇ? ನಿಮಗೆ ಗೊತ್ತಿತ್ತೇ?

ಇಷ್ಟೇ ಕೇಳುವುದು.


ಫೆಬ್ರವರಿ ೨೧

ಅಣ್ಣಾ,

ನನ್ನನ್ನು "ನೀವು" ಅಂದಿದ್ದೀರಿ. ಅದನ್ನು ಓದಿ ಕಾಗದ ಮಡಚಿಟ್ಟೆ, ಆಮೇಲಿನದ್ದನ್ನು ಓದುವುದಕ್ಕೆ ಎಷ್ಟೋ ಹೊತ್ತು ಬೇಕಾಯಿತು.

ತಡವಾಯಿತು. ಬರೆದು ಹರಿದೆ, ಬರೆದು ಹರಿದೆ. ಎಲ್ಲದರಲ್ಲೂ ನಾನು ಒಳ್ಳೆಯವಳಾಗಿಬಿಡುತ್ತಿದ್ದೆ, ಅದಕ್ಕೇ ಹರಿದೆ. ಕೊನೆಗೆ ಅಕ್ಕ ಕೇಳಿದಳು, "ಏನೇ ಅದು, ಕಾಗದ ಬರೀತಿದ್ದೀಯೋ ಕಾಗದ ತಿಂತಿದ್ದೀಯೋ?" ಅವಳಿಗೆ ಎಲ್ಲ ಹೇಳಿದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ತಾನಾಗಿ ಹೊರಳಲು ಬಾರದವಳು ನೋವು ತಿಂದುಕೊಂಡು ಹೊರಳಿದಳು, ನನ್ನ ಮುಖ ನೋಡಬಾರದೆಂದು.

ನಿಜ. ನನಗೆ ಗೊತ್ತಿತ್ತು.

ನಿಮಗಿಂತ ಮೊದಲು ಇಬ್ಬರನ್ನು ಕೇಳಿದ್ದೆ. ಒಬ್ಬಳು ಕಾಲೇಜಿನ ಹುಡುಗಿ. ಕಚ್ಚುತ್ತದಾ ಎಂದು ಕೇಳಿದಳು, ಇದ್ದದ್ದು ಹೇಳಿದೆ, ಚಹಾವನ್ನೂ ಕುಡಿಯದೆ ಎದ್ದು ಹೋದಳು. ಇನ್ನೊಬ್ಬರು ನಾಯಿಗಳನ್ನು ಬೋನಿನಲ್ಲಿಟ್ಟು ಸಾಕುವವರು. ಇಂಥದ್ದನ್ನು ನಾವು ಇಟ್ಟುಕೊಳ್ಳುವುದಿಲ್ಲ ಅಂದರು. ಅಕ್ಕ ಅಲ್ಲಿ ಬಿದ್ದು ಆಸ್ಪತ್ರೆ ಸೇರಿದ್ದಳು, ಭಾವ ಫೋನಿನ ಮೇಲೆ ಫೋನು. ಆಗ ನಿಮ್ಮ ಅಂಗಡಿಯ ಮುಂದೆ ನಿಂತು ಯೋಚಿಸಿದೆ. ನಿಮ್ಮ ಶಾಂತ ಸ್ವಭಾವ ನೋಡಿ ಆರಿಸಿದೆ ಎಂದು ಬರೆದಿದ್ದೆ, ಅದು ಸುಳ್ಳು. ನಿಮಗೆ ಕಿವಿ ಕೇಳಿಸದು ಎಂದು ಆರಿಸಿದೆ. ಬೊಗಳುವುದೂ ಕೇಳಿಸದು, ಮೇಲಿನ ಮನೆಯ ಬೈಗುಳವೂ ಕೇಳಿಸದು, ಬಿಟ್ಟು ಹೋಗುವುದಿಲ್ಲ ಎಂದುಕೊಂಡೆ. ಗುರುಗುಟ್ಟುವುದೂ ಕೇಳಿಸದು ಎಂದು ತಲೆಗೆ ಬರಲಿಲ್ಲವೇ ಎಂದು ಕೇಳಿದರೆ, ಬಂತು. ಬಂದದ್ದನ್ನು ಒಳಗೆ ನೂಕಿದೆ. ಎಷ್ಟೋ ತಿಂಗಳಿಂದ ಯಾರನ್ನೂ ಕಚ್ಚಿಲ್ಲ, ಇವರು ಯಾಕೆ ಮಲಗಿದ ನಾಯಿಯ ಬೆನ್ನು ಮುಟ್ಟುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಬೀಗದ ಕೈ ತೆಗೆದುಕೊಳ್ಳಲು ಬಂದ ದಿನ ನೀವು ಬಾಗಿಲಲ್ಲಿ ನಿಂತು ಕೇಳಿದಿರಿ, "ಕಚ್ಚುತ್ತಾ, ತಂಗಿ?" ನಾನು ಬೆಡ್‌ಶೀಟ್ ಮಡಚುತ್ತಿದ್ದೆ. ಕಪಾಟಿನ ಕಡೆ ತಿರುಗಿ, ತಲೆಯನ್ನು ಒಳಗೇ ಹಾಕಿ, ಗಟ್ಟಿಯಾಗಿ ಹೇಳಿದೆ, "ಮಲಗಿದಾಗ ಮುಟ್ಟಿದ್ರೆ ಕಚ್ಚುತ್ತೆ, ಮೊದ್ಲು ಗುರುಗುಟ್ಟುತ್ತೆ." ಆಮೇಲೆ ತಿರುಗಿ ನಿಮ್ಮನ್ನು ನೋಡಿ ನಕ್ಕೆ. ನೀವೂ ನಕ್ಕಿರಿ. ಹೇಳಬೇಕಾದದ್ದನ್ನೆಲ್ಲ ಹೇಳಿದ್ದೇನೆ ಎಂದು ಮೊದಲ ಕಾಗದದಲ್ಲಿ ಬರೆದೆನಲ್ಲ, ಆ ಧೈರ್ಯದ ಮೇಲೆಯೇ ಬರೆದದ್ದು. ಹೇಳಿದ್ದು ಹೌದು. ನಿಮಗೆ ತಿಳಿಯದ ಹಾಗೆ ಹೇಳಿದೆ.

ಪೂರ್ತಿ ಮುಂಗಡ ಕೇಳಿದಿರಿ. ಬೇರೆಯವರಾದರೆ ಅನುಮಾನ ಪಡುತ್ತಿದ್ದರು. ನನಗೆ ಸಮಾಧಾನವಾಯಿತು, ಅಣ್ಣ. ಹಣ ಮುಟ್ಟಿದ ಮೇಲೆ ಇವರು ನಡುವೆ ಕೈ ಬಿಡುವ ಹಾಗಿಲ್ಲ, ಕಟ್ಟಿಹಾಕಿದ ಹಾಗಾಯಿತು ಎಂದುಕೊಂಡೆ. ಹಾಗೆ ಕಟ್ಟಿಹಾಕಿದವಳೇ ನಿಮ್ಮನ್ನು ಹಣ ತಿಂದವರೆಂದು ಬರೆದೆ.

ನೀವು ಕಾಗದ ಬರೆದು ಕೇಳಿದಾಗಲಾದರೂ ಹೇಳಬಹುದಿತ್ತು. ಒಂದೇ ಸಾಲು, ಮುಟ್ಟಬೇಡಿ ಎಂದು. ಹಾಗೆ ಬರೆದರೆ ಯಾಕೆ ಎಂದು ಕೇಳುತ್ತೀರಿ, ಕೇಳಿದರೆ ಬಿಟ್ಟು ಹೋಗುತ್ತೀರಿ. ಪೆನ್ನು ಹಿಡಿದು ಕೂತೇ ಇದ್ದೆ. "ನಿಮ್ಮಿಷ್ಟ" ಎಂದು ಬರೆದೆ. ನಾನು ಹೇಳಲೆಂದು ನೀವು ಕಾದಿರಿ. ನಾನು ಹೇಳಿದ್ದು ಅದನ್ನು.

ಆಸ್ಪತ್ರೆಯ ಖರ್ಚು, ಅಂಗಡಿ ಮುಚ್ಚಿದ ದಿನಗಳದ್ದು, ಎಲ್ಲ ನನ್ನದು. ನಾಳೆಯೇ ಹೊರಟು ಬರಲೇ? ಬೂದನನ್ನು ಬೋನಿನವರ ಕೈಗೆ ಕೊಡಬೇಕೆಂದರೆ ಕೊಡಿ, ನಾನು ಒಂದು ಮಾತೂ ಆಡುವುದಿಲ್ಲ.

ಕೆಳಗೆ ಏನೆಂದು ಬರೆಯಲಿ, ತಂಗಿ ಎಂದು ಬರೆಯಲು ಕೈ ಬರುತ್ತಿಲ್ಲ.


ಫೆಬ್ರವರಿ ೨೭

ಅಮ್ಮಾ,

ಬರಬೇಡಿ. ಅಕ್ಕ ನಡೆಯಲಿ. ಮುಂಗಡ ತೆಗೆದುಕೊಂಡ ಕೆಲಸ, ಮುಗಿಸುತ್ತೇನೆ. ಬೋನಿನವರ ಮಾತು ಎತ್ತಬೇಡಿ, ನಾಯಿ ನನಗೇನೂ ಮುಚ್ಚಿಡಲಿಲ್ಲ. ಅದು ಹೇಳಬೇಕಾದದ್ದನ್ನು ಹೇಳಿತ್ತು.

ಬ್ಯಾಂಡೇಜ್ ಬಿಚ್ಚಿದರು. ತೋರುಬೆರಳು ಮಡಚುತ್ತದೆ. ಹೆಬ್ಬೆರಳು ಮಡಚುವುದಿಲ್ಲ. ಸಣ್ಣ ಸ್ಕ್ರೂ ಹಿಡಿಯುವಷ್ಟು ಆಗುತ್ತದೋ ಇಲ್ಲವೋ ಈಗಲೇ ಹೇಳಲಾರೆ ಎಂದು ಡಾಕ್ಟರು ಬರೆದು ತೋರಿಸಿದರು. ಕೈಗಡಿಯಾರ ಆಗದಿದ್ದರೆ ಗೋಡೆ ಗಡಿಯಾರ ಮಾಡಬೇಕು. ಈಗ ಗೋಡೆ ಗಡಿಯಾರ ರಿಪೇರಿ ಮಾಡಿಸುವವರು ಯಾರಿದ್ದಾರೆ?

ಖರ್ಚಿನ ಮಾತು ಆಮೇಲೆ. ಮೊದಲು ಇನ್ನೊಂದಿದೆ.

ಕಾಗದದಲ್ಲಿ ಬರೆದದ್ದನ್ನು ಓದಿದೆ. ಎರಡು ಸಲ ಓದಿದೆ. ಆದರೆ ಕಾಗದವೂ ಒಂದು ಕಪಾಟೇ. ಅಲ್ಲಿ ಕೂತು ಅತ್ತ ಕಡೆ ತಿರುಗಿ ಬರೆದಿರಿ, ನಾನು ಇಲ್ಲಿ ಓದಿದೆ. ನೀವು ಬಂದಾಗ ನಾನು ಬಾಗಿಲಲ್ಲೇ ಇರುತ್ತೇನೆ. ಬೆಳಕಿಗೆ ಮುಖ ಕೊಟ್ಟು ನಿಂತು, ನನ್ನನ್ನು ನೋಡುತ್ತ ಹೇಳಿ. ಕಚ್ಚುತ್ತಾ ಎಂದು ನಾನು ಇನ್ನೊಂದು ಸಲ ಕೇಳುತ್ತೇನೆ.

ಗಡಿಯಾರ ರಿಪೇರಿಯವನು


ಮಾರ್ಚ್ ೧೮

ಗಡಿಯಾರದಣ್ಣನವರಿಗೆ,

ಅಕ್ಕ ನಿನ್ನೆ ಕೋಲು ಹಿಡಿದು ಅಡುಗೆಮನೆಗೆ ಹೋಗಿ, ಉಪ್ಪು ಹೆಚ್ಚಾಗಿದೆ ಎಂದು ಹೇಳಿ ವಾಪಸ್ ಬಂದಳು. ಇನ್ನು ನನ್ನ ಅಗತ್ಯವಿಲ್ಲ. ಬರುವ ಸೋಮವಾರ ಮಧ್ಯಾಹ್ನ ಬರುತ್ತೇನೆ. ಸಂಜೆಯ ಬಸ್ಸಿಗೆ ಬಂದರೆ ಕತ್ತಲಾಗುತ್ತದೆ, ಬಾಗಿಲಲ್ಲಿ ಬೆಳಕಿರುವುದಿಲ್ಲ ಎಂದು ಬೆಳಗಿನ ಬಸ್ಸಿಗೇ ಟಿಕೆಟ್ ಮಾಡಿಸಿದೆ.

ಹೇಳುವುದನ್ನು ಅಕ್ಕನ ಎದುರು ನಿಂತು ಅಭ್ಯಾಸ ಮಾಡುತ್ತಿದ್ದೇನೆ. ಅವಳು ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಾಳೆ. "ತುಟಿ ನುಂಗ್ತೀಯ, ಏನೂ ಗೊತ್ತಾಗಲ್ಲ" ಅನ್ನುತ್ತಾಳೆ. "ನೆಲ ನೋಡ್ತೀಯ" ಅನ್ನುತ್ತಾಳೆ. ನಿನ್ನೆ ಸಾಯಂಕಾಲ ಒಂದು ಸಲ ಪೂರ್ತಿ ಹೇಳಿ ಮುಗಿಸಿದೆ. ಅವಳು ಹತ್ತಿ ತೆಗೆದು, "ಇದು ತಿಳೀತು. ಆದ್ರೆ ನನಗೆ ಹೇಳೋದು ಸುಲಭ ಕಣೇ, ನನ್ನ ಬೆರಳು ಸರಿಯಾಗಿದೆ" ಅಂದಳು.

ನೀವು ಆಮೇಲೆ ಏನು ಹೇಳುತ್ತೀರೋ ನನಗೆ ಗೊತ್ತಿಲ್ಲ. ಬೀಗದ ಕೈ ಕೊಟ್ಟು ಹೊರಟುಹೋದರೂ ತಡೆಯುವುದಿಲ್ಲ. ಹೋಗುವ ಮುಂಚೆ ಕೇಳಬೇಕಾದದ್ದನ್ನು ಕೇಳಿ.

ಒಂದು ಉಪಕಾರ ಮಾಡಿ. ಸೋಮವಾರ ನಾನು ಬರುವ ಹೊತ್ತಿಗೆ ಬೂದನನ್ನು ಒಳಗಿನ ಕೋಣೆಯಲ್ಲಿ ಹಾಕಿ ಬಾಗಿಲು ಮುಚ್ಚಿ. ನನ್ನನ್ನು ಕಂಡರೆ ಬೊಗಳಿ ಮೈಮೇಲೆ ಹಾರುತ್ತಾನೆ. ನಿಮಗೆ ಅದರಿಂದ ಏನೂ ತೊಂದರೆಯಿಲ್ಲ. ಆದರೆ ನಾನು ಅದನ್ನೇ ನೆಪ ಮಾಡಿಕೊಂಡು ಅವನ ಕಡೆ ತಿರುಗಿಬಿಡುತ್ತೇನೆ.